ಬಿದ್ದವಳ ಮೇಲೆ ಬೆಳಕು

ಹುಣಸೂರಿನ ನಾಟಕ ತಂಡವೊಂದರಲ್ಲಿ ಎಂಟು ವರ್ಷ ನಾನು ಸ್ಟೇಜ್ ಮ್ಯಾನೇಜರ್ ಆಗಿದ್ದೆ. ಸ್ಟೇಜಿನ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿ ನಿಂತು ಯಾರು ಯಾವಾಗ ಒಳಗೆ ಹೋಗಬೇಕು, ಯಾವ ಸಾಮಾನು ಎಲ್ಲಿರಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಹೋದ ವರ್ಷ ಲೈಟಿನವರು ನಿರ್ದೇಶಕರ ಜತೆ ಜಗಳವಾಡಿ ತಂಡ ಬಿಟ್ಟರು. ನಿರ್ದೇಶಕರು ನನ್ನನ್ನು ಕರೆದು, "ಲೈಟೂ ನೀನೇ ನೋಡ್ಕೊಬುಡು. ನಾಕು ಗುಂಡಿ ಎತ್ತಿ ಇಳಿಸೋಕೆ ಇನ್ನೊಬ್ಬ ಯಾಕೆ?" ಅಂದರು.

"ಸಾರ್, ಲೈಟ್ ಬೋರ್ಡ್ ಇರೋದು ಹಾಲಿನ ಹಿಂದ್ಗಡೆ. ಸ್ಟೇಜ್ ಯಾರು ನೋಡ್ತಾರೆ?"

"ಅದೆಲ್ಲ ಆಯ್ತದೆ ಬುಡು."

ನಾನು ಒಪ್ಪಿಕೊಂಡೆ.

ಎಚ್.ಡಿ. ಕೋಟೆಯ ಕಾಲೇಜೊಂದರಲ್ಲಿ ಮಧ್ಯಾಹ್ನದ ಪ್ರದರ್ಶನ. ಬೋರ್ಡಿನ ಗುಂಡಿಗಳ ಮೇಲೆ ಯಾರೋ ಚೆಲ್ಲಿದ ಟೀ, ಗುಟ್ಕಾದ ಎಂಜಲು. ಮುಟ್ಟಿದರೆ ಬೆರಳು ಅಂಟುತ್ತಿತ್ತು. ನಾಯಕಿಯಾಗಿದ್ದವಳು ಎನ್. ಬೇಗೂರಿನ ಕಡೆಯ ಆದಿವಾಸಿ ಹಾಡಿಯ ಹುಡುಗಿ. ಅಂಗನವಾಡಿಯ ಕೆಲಸ ಮುಗಿಸಿ, ಎರಡು ಬಸ್ಸು ಬದಲಿಸಿ ತಾಲೀಮಿಗೆ ಬರುತ್ತಿದ್ದಳು. ಒಂದು ದೃಶ್ಯದ ಕೊನೆಗೆ ಅವಳು ಎತ್ತರದ ಕಟ್ಟೆಯ ಮೇಲಿರುವಾಗ ದೀಪ ಆರುತ್ತದೆ. ಆ ಕತ್ತಲಲ್ಲಿ ನಾನು ಮೆಟ್ಟಿಲು ತಂದಿಟ್ಟು, ಕೈ ಹಿಡಿದು ಇಳಿಸಬೇಕು. ಅವತ್ತು ಅದನ್ನು ಒಬ್ಬ ನಟನಿಗೆ ಒಪ್ಪಿಸಿದ್ದೆ. ಅವನು ವೇಷ ಬದಲಿಸುವ ಗಡಿಬಿಡಿಯಲ್ಲಿ ಮರೆತ.

ಹತ್ತು ಎಣಿಸಿ ದೀಪ ಏರಿಸಿದೆ. ಅವಳು ನೆಲಕ್ಕೆ ಬಿದ್ದು ಮಣಿಕಟ್ಟು ಹಿಡಿದುಕೊಂಡಿದ್ದಳು. ಗಾಬರಿಯಲ್ಲಿ ಬೆಳಕನ್ನು ಅರ್ಧಕ್ಕೆ ಇಳಿಸಿದೆ. ಮುಂದಿನ ಸಾಲಿನಲ್ಲಿದ್ದ ನಿರ್ದೇಶಕರು ತಿರುಗಿ, ಏರಿಸು ಎಂದು ಕೈ ಮಾಡಿದರು. ಏರಿಸಿದೆ. ಅವಳು ಕೂತಲ್ಲೇ ಅಳುತ್ತಾ ಮಾತು ಒಪ್ಪಿಸಿದಳು. ಹಾಲಿನ ತುಂಬ ಚಪ್ಪಾಳೆ.

ನಾಟಕ ಮುಗಿದ ಮೇಲೆ ನಿರ್ದೇಶಕರು ಬೋಂಡ ಅಗಿಯುತ್ತಾ, "ಬಿದ್ದಿದ್ದು ಎಷ್ಟ್ ಚೆನ್ನಾಗ್ ಬಂತು ಕಣಯ್ಯ. ಮುಂದಿನ ವಾರ ಪಿರಿಯಾಪಟ್ಟಣದ ಶೋನಲ್ಲೂ ಅಂಗೇ ಇಟ್ಕೊಳಾಣ" ಅಂದರು. ಅವರ ತುಟಿಯ ಮೇಲೆ ಎಣ್ಣೆ ಹೊಳೆಯುತ್ತಿತ್ತು.

ನಾನು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು, "ನಾನ್ ಬಿದ್ದಿದ್ದು ನಿಮಗೆ ಕಾಣ್ತಿತ್ತಲ್ವಾ ಅಣ್ಣ? ಇಳ್ಸಿದ್ ಲೈಟ್ ಮತ್ತೆ ಯಾಕ್ ಹಾಕುದ್ರಿ?" ಎಂದು ಕೇಳಿದಳು.

ನಿರ್ದೇಶಕರು ಹೇಳಿದರು ಅನ್ನಲು ಬಾಯಿ ತೆರೆದೆ. ಆ ಮಾತು ನನಗೇ ಹೇಸಿಗೆಯಾಗಿ ನುಂಗಿಕೊಂಡೆ. "ತಪ್ಪಾಯ್ತು ಕಣವ್ವ" ಅಂದೆ.

ಮರುದಿನವೇ ತಂಡ ಬಿಟ್ಟೆ. ಪಿರಿಯಾಪಟ್ಟಣದಲ್ಲಿ ಆ ಪಾತ್ರಕ್ಕೆ ಬಂದ ಇನ್ನೊಬ್ಬ ಹುಡುಗಿ ಅದೇ ದೃಶ್ಯದಲ್ಲಿ ಬೇಕಂತಲೇ ಬಿದ್ದಳಂತೆ. ಈಗ ಕೆ.ಆರ್. ನಗರದ ತಂಡವೊಂದರಲ್ಲಿದ್ದೇನೆ, ವಿಂಗ್ ಬಿಟ್ಟು ಕದಲುವುದಿಲ್ಲ. ಹಾಡಿಯ ಹುಡುಗಿಯ ಕೈ ಮೂಳೆ ಕೂಡಿಕೊಂಡಿದೆ. ನಮ್ಮ ನಾಟಕಕ್ಕೆ ಎರಡು ಸಲ ಕರೆದೆ. ಅವಳು ಬರಲಿಲ್ಲ.