ಕಲ್ಲಹಿಟ್ಟು ಹಚ್ಚಿದ ಹೊಕ್ಕುಳು

ಹುಟ್ಟಿದ ಏಳನೆಯ ದಿನ ಬೆಳಿಗ್ಗೆ ಅಕ್ಕನ ಕೂಸು ಮೊಲೆ ಹಿಡಿಯಲಿಲ್ಲ. ದವಡೆ ಬಿಗಿದಿತ್ತು. ಯಾರೋ ಬಾಗಿಲು ದೂಡಿದ ಸದ್ದಿಗೇ ಅದರ ಬೆನ್ನು ಬಿಲ್ಲಿನಂತೆ ಬಾಗಿತು. ಅದು ಧನುರ್ವಾಯು ಎಂದು ಆ ಮನೆಯಲ್ಲಿ ಬಲ್ಲವನು ನಾನೊಬ್ಬನೇ.

ನಮ್ಮದು ಶಹಾಬಾದದ ಸಮೀಪ ಕಲ್ಲುಗಣಿಯ ಊರು. ಗಣಿಯಲ್ಲಿ ಕೈ ಸೀಳಿದರೆ ಉಳಿಯ ಕೆಳಗೆ ಉದುರಿದ ನುಣ್ಣನೆಯ ಕಲ್ಲಹಿಟ್ಟನ್ನು ಒತ್ತಿ ರಕ್ತ ನಿಲ್ಲಿಸುವುದು ನಮ್ಮವರ ರೂಢಿ. ಕೂಸಿನ ಹೊಕ್ಕುಳಿಗೂ ಅದೇ ಮದ್ದು. ಹೈದರಾಬಾದಿನ ವಿಶ್ವವಿದ್ಯಾಲಯದಿಂದ ರಜೆಗೆ ಬಂದಿದ್ದ ನಾನು ಸೂಲಗಿತ್ತಿಗೆ ಹೊಕ್ಕುಳಬಳ್ಳಿ ಕೊಯ್ಯಲು ಹೊಸ ಬ್ಲೇಡು ಕೊಟ್ಟು, ಕುದಿಸಿ ಬಳಸುವಂತೆ ಹೇಳಿದ್ದೆ. ಆಕೆ ಹಾಗೆಯೇ ಮಾಡಿದಳು. ಹೆರಿಗೆಯ ಮರುದಿನ ಹೊಕ್ಕುಳು ಇನ್ನೂ ಹಸಿಯಾಗಿದೆಯೆಂದು ಆಯಿ, ನನ್ನ ತಾಯಿಯ ತಾಯಿ, ಎತ್ತುಗಳು ತುಳಿದಾಡುವ ಗಣಿಯಂಗಳದಿಂದ ಹಿಟ್ಟು ಬಳಿದು ತಂದಳು. ಸಗಣಿ ಬೆರೆತ ಹಿಟ್ಟಿನಿಂದ ಧನುರ್ವಾಯು ಹತ್ತುತ್ತದೆ, ಬೇಡವೆಂದೆ.

"ಮತ್ತ ನಿನ್ನ ಹೈದ್ರಾಬಾದಿನ ಪುಸ್ತಕ ಅರದು ಹಚ್ಚಲೇನು, ತಮ್ಮಾ? ನಿನ್ನ ಹೊಕ್ಕಳಕ್ಕೂ ಇದೇ ಹಚ್ಚೀನಿ. ಸತ್ತೇನು?"

ಎಲ್ಲರೂ ನಕ್ಕರು. ನಾನೂ ನಕ್ಕು ಸುಮ್ಮನಾದೆ. ಆ ನಗೆಗೆ ಉತ್ತರ ಹೇಳಬೇಕಾದವರಲ್ಲಿ ನಾನೇ ಮೊದಲಿಗ.

ಟಾಂಗಾದಲ್ಲಿ ದವಾಖಾನೆಗೆ ಹೊರಟೆವು. ಗಾಲಿ ಕಲ್ಲಿಗೆ ತಾಗಿದಾಗಲೆಲ್ಲ ಕೂಸು ಸೆಟೆಯುತ್ತಿತ್ತು. ಸದ್ದು ಕೇಳಿಸದಿರಲೆಂದು ಅಕ್ಕ ಅದರ ಕಿವಿಗಳನ್ನು ಮುಚ್ಚಿ ಹಿಡಿದಿದ್ದಳು. ಪ್ರತಿ ತಗ್ಗು ಬರುವ ಮೊದಲೇ ನಾನು ಟಾಂಗಾದವನಿಗೆ ಮೆಲ್ಲಗೆ ಹೊಡೆ ಎನ್ನುತ್ತಿದ್ದೆ.

ಡಾಕ್ಟರರು ಕುದುರೆಯ ರಕ್ತದಿಂದ ತೆಗೆದ ಸೀರಮ್ ಚುಚ್ಚಿದರು. "ದವಡಿ ಬಿಗದ ಮ್ಯಾಲ ಇದು ಭಾಳ ಮಾಡಲಿಕ್ಕಿಲ್ಲ," ಎಂದರು. "ವಿಷ ಆಗಲೇ ನರಕ್ಕ ಹತ್ತೇದ."

ಮರುದಿನ ಮಧ್ಯಾಹ್ನ ಕೂಸು ಅಕ್ಕನ ಮಡಿಲಲ್ಲೇ ಹೋಯಿತು.

ನಾನು ಡಾಕ್ಟರರ ಬಳಿಗೆ ಮರಳಿದೆ. ಈ ರೋಗದ ವಿಷವನ್ನೇ ಪಳಗಿಸಿ ಚುಚ್ಚಿ ಕುದುರೆಯ ರಕ್ತಕ್ಕೆ ಕಾದಾಡುವುದನ್ನು ಕಲಿಸುತ್ತಾರೆ. ಯುದ್ಧಕ್ಕೆ ಹೋದ ಗೋರಾ ಸಿಪಾಯಿಗಳ ರಕ್ತಕ್ಕೂ ಕಲಿಸಿದರು. ಬಸುರಿಯ ರಕ್ತಕ್ಕೆ ಏಕೆ ಕಲಿಸಬಾರದು ಎಂದು ಕೇಳಿದೆ.

"ಕಲಿಸಿದ್ರ ಆ ಬಲ ಕೂಸಿಗೆ ಮುಟ್ಟಬಹುದು," ಎಂದರು. "ಆದರ ಬಸರಿಗೆ ಆ ಸೂಜಿ ಹಾಕ್ರಿ ಅಂತ ನನಗ ಹುಕುಂ ಬಂದಿಲ್ಲ."

"ನೀವು ಕೇಳೀರೇನ್ರಿ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಅಕ್ಕ ಈಗ ಮತ್ತೆ ಏಳು ತಿಂಗಳ ಬಸುರಿ. ಆ ಸೂಜಿಗಾಗಿ ನಿಜಾಮ ಸರ್ಕಾರಕ್ಕೆ ಉರ್ದುವಿನಲ್ಲಿ ಎರಡು ಅರ್ಜಿ ಬರೆದೆ. ಸಿಪಾಯಿಯ ಜೀವಕ್ಕಿರುವ ಕಾವಲು ಇನ್ನೂ ಹುಟ್ಟದ ಪ್ರಜೆಗೇಕಿಲ್ಲ ಎಂದು ಕೇಳಿದೆ. ಉತ್ತರವಿಲ್ಲ. ದಿನವೂ ಅಂಚೆಯವನ ದಾರಿ ಕಾಯುತ್ತೇನೆ.

ಅಂದಿನಿಂದ ನನ್ನ ಮುಖ ನೋಡದ ಆಯಿ, ನಿನ್ನೆ ಹತ್ತಿರ ಬಂದು ಕುಳಿತಳು.

"ಈ ಸಲ ಏನು ಹಚ್ಚಲಿ, ತಮ್ಮಾ?"

"ಏನೂ ಹಚ್ಚಬ್ಯಾಡ, ಆಯಿ."

"ಅಷ್ಟು ಮಾಡಿದ್ರ ಕೂಸು ಉಳೀತದೇನು?"

ಹೌದೆನ್ನಲಾಗದೆ, ಮೂರನೆಯ ಅರ್ಜಿಗೆ ಕಾಗದ ತೆಗೆದೆ.