ತೆಂಗಿನ ಬುಡದಲ್ಲಿ ಕರಗದ ಕೆಂಪು ತುಂಡು

೨೦೧೫ರಲ್ಲಿ ನಾನು, ಮಂಗಳೂರಿನಿಂದ ತಲಪಾಡಿ ಗಡಿ ದಾಟಿದರೆ ಸಿಗುವ ಬಂದ್ಯೋಡಿನಲ್ಲಿ ಕಟಿಂಗ್ ಮಾಸ್ಟರ್. ಅಂದರೆ ಹ್ಯಾಂಡ್‌ಬ್ಯಾಗಿಗೆ ಬೇಕಾದ ಚರ್ಮವನ್ನೋ ರೆಕ್ಸಿನನ್ನೋ ಅಳತೆಗೆ ಕತ್ತರಿಸಿ ಹೊಲಿಯುವವರ ಕೈಗೆ ಕೊಡುವವನು. ಶಾರ್ಜಾದಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿ ಊರಿಗೆ ಬಂದಿದ್ದೆ. ಹೈವೇಯಿಂದ ಸ್ವಲ್ಪ ಒಳಗೆ, ಲಲಿತಕ್ಕನ ಹಿತ್ತಿಲಿನ ಶೆಡ್ಡಿನಲ್ಲಿ ಆರು ಮೆಷಿನು, ಆರು ಹೆಂಗಸರು. ಎಲ್ಲರೂ ಮೊದಲು ಬೀಡಿ ಕಟ್ಟುತ್ತಿದ್ದವರು. ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಬೀಸಿದರೆ ಆರು ಮೆಷಿನಿನ ಸದ್ದೂ ಒಂದಾಗಿ, ಎಲ್ಲೋ ದೂರದ ಸೋಗೆ ಮಾಡಿನ ಮೇಲೆ ಮಳೆ ಬೀಳುತ್ತಿದೆಯೇನೋ ಅನಿಸುತ್ತಿತ್ತು. ನಾನು ಕತ್ತರಿ ಹಿಡಿದುಕೊಂಡೇ ಎಲ್ಲೆಲ್ಲಿಗೋ ಹೋಗಿ ಬರುತ್ತಿದ್ದೆ.

ಮೊದಮೊದಲು ನಾವು ಹೊಲಿದದ್ದು ಚರ್ಮದ ಬ್ಯಾಗು. ೨೦೧೩ರಲ್ಲಿ, ಮಂಗಳೂರಿನಲ್ಲಿ ಫ್ಯಾಷನ್ ಅಂಗಡಿ ಇಟ್ಟಿದ್ದ ಶ್ವೇತಾ ಮೇಡಂ ಬಂದರು. ಅವರಿಗೆ ಚರ್ಮ ಬೇಡ. ದನ ಸಾಯುತ್ತದೆ, ಚರ್ಮ ಹದ ಮಾಡುವ ಕ್ರೋಮ್ ಉಪ್ಪಿನ ನೀರು ಹೊಳೆ ಸೇರುತ್ತದೆ ಅಂದರು. ಸುಳ್ಳಲ್ಲ, ಆ ನೀರಿನ ವಾಸನೆ ನಾನೇ ಕುಡಿದವನು. ಅವರು ತಂದದ್ದು ಪಿಯು, ಅಂದರೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ ಕೊಟ್ಟದ್ದು. ನಮ್ಮ ಬಾಯಲ್ಲಿ ಅದೂ ರೆಕ್ಸಿನೇ. ಕೆಂಪು, ಗಿಳಿ ಹಸಿರು, ಕಡಲ ನೀಲಿ. ಎರಡು ವರ್ಷ ಸಣ್ಣ ಸಣ್ಣ ಆರ್ಡರ್ ಕೊಟ್ಟು, ೨೦೧೫ರ ಮೇ ತಿಂಗಳಲ್ಲಿ ಒಮ್ಮೆಲೇ ಮುನ್ನೂರು ಬ್ಯಾಗಿಗೆ ಹೇಳಿದರು. ಇದು ಸರಿಯಾದರೆ ವರ್ಷವಿಡೀ ಕೆಲಸ. ಇಲ್ಲದಿದ್ದರೆ ಶೆಡ್ಡಿಗೆ ಬೀಗ, ಹೆಂಗಸರಿಗೆ ಪುನಃ ಬೀಡಿ ಎಲೆ.

ಆಗ ನನ್ನ ಬಾಯಿ ಕೆಲಸ ಕೆಡಿಸಿತು. ಉಳಿದ ತುಂಡುಗಳನ್ನು ಎಂತ ಮಾಡ್ತೀರಿ ಎಂದು ಮೇಡಂ ಕೇಳಿದರು. ತೆಂಗಿನ ಬುಡಕ್ಕೆ ಅಂದೆ. ನಮ್ಮಲ್ಲಿ ಹಾಗೆಯೇ. ಮೀನಿನ ತಲೆ, ಬೂದಿ, ಹರಿದ ಚಪ್ಪಲಿ ಎಲ್ಲ ಹೋಗುವುದು ಅಲ್ಲಿಗೆ. ಚರ್ಮದ ಚೂರು ಹಾಕಿ ಅಭ್ಯಾಸವಾಗಿದ್ದ ಲಲಿತಕ್ಕ ರೆಕ್ಸಿನನ್ನೂ ಅದೇ ಬುಡಕ್ಕೆ ಹಾಕುತ್ತಿದ್ದರು.

"ಕರಗ್ತದಾ?"

"ಹಾಕಿದ್ದು ಮತ್ತೆ ಕಂಡದ್ದಿಲ್ಲ ಮೇಡಂ."

ಕಂಡದ್ದಿಲ್ಲ ನಿಜ. ನೋಡಿದ್ದೂ ಇಲ್ಲ. ವಾರದೊಳಗೆ ಅವರು ಬ್ಯಾಗಿಗೆ ಕಟ್ಟುವ ಟ್ಯಾಗಿನ ನಮೂನೆ ಕಳಿಸಿದರು: 'ತೆಂಗಿನ ಬುಡದಲ್ಲಿ ಮಣ್ಣಾಗುವ ಬ್ಯಾಗ್'. ನನ್ನ ಮಾತು ಅಚ್ಚಾಗಿ ಬಂದ ಖುಷಿಯಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳಿದ್ದೆ.

ಜೂನ್ ಮೊದಲ ಮಳೆ ಬಂದು ನಿಂತ ಮೇಲೆ ಲಲಿತಕ್ಕ ಗೊಬ್ಬರ ಹಾಕಲು ತೆಂಗಿನ ಬುಡದ ಮಣ್ಣು ಬಿಡಿಸುತ್ತಿದ್ದರು. ಶೆಡ್ಡಿನ ಬಾಗಿಲಿಗೆ ಬಂದು ಮೆಲ್ಲ ಹೇಳಿದರು: "ಮಾಸ್ಟ್ರೇ, ಹಾಕಿದ್ದೆಲ್ಲ ಎದ್ದು ಬಂದಿದೆ. ಒಮ್ಮೆ ನೋಡಿ."

ಹೋಗಿ ನೋಡಿದರೆ ಗುಂಡಿಯೊಳಗೆ ಒಂದು ತೋಟವೇ ಅರಳಿತ್ತು. ಮಳೆ ನೀರು ಮಣ್ಣು ತೊಳೆದು ಕೆಂಪು, ಹಸಿರು, ನೀಲಿ ಚೂರುಗಳನ್ನು ಹೊಳೆಯಿಸಿತ್ತು. ತೆಂಗಿನ ಒಂದು ಎಳೆ ಬೇರು ಬೆಲ್ಟಿನ ತೂತಿನೊಳಗೆ ನುಗ್ಗಿ, ಆಚೆ ಬಂದು, ಇನ್ನೊಂದು ತುಂಡನ್ನು ಪೋಣಿಸಿಕೊಂಡು ಹೋಗಿತ್ತು. ನನಗಿಂತ ಚಂದದ ಹೊಲಿಗೆ. ಹೇಳಲು ನಾಚಿಕೆ, ಆದರೆ ಸುಳ್ಳು ಸಿಕ್ಕಿಬಿದ್ದದ್ದೇ ಮರೆತು ಹೋಗಿತ್ತು. ಎಷ್ಟು ಹೊತ್ತು ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆನೋ ಗೊತ್ತಿಲ್ಲ. ಸೋಗೆಯಿಂದ ಹನಿ ಬಿದ್ದಾಗಲೆಲ್ಲ ಒಂದು ಬಣ್ಣ ಕಣ್ಣು ಬಿಡುತ್ತಿತ್ತು.

ಎಚ್ಚರವಾದದ್ದು ಲಲಿತಕ್ಕನ ಮಾತಿಗೆ. "ಮಣ್ಣು ಮುಚ್ಚಿದ್ರೆ ಆಯ್ತಲ್ಲ ಮಾಸ್ಟ್ರೇ. ಬ್ಯಾಗ್ ತಗೊಂಡವರು ನನ್ನ ತೆಂಗಿನ ಬುಡ ಅಗೆಯಲಿಕ್ಕೆ ಬರ್ತಾರಾ?"

ಮೂಲೆಯ ಮೆಷಿನಿನ ಜೈನಾಬಿ ಉಳಿದವರ ಜೊತೆ ಹಿಂದೆಯೇ ಬಂದು ನಿಂತಿದ್ದಳು. "ಬೀಡಿಯಾದ್ರೆ ಬೂದಿಯಾದ್ರೂ ಆಗ್ತದೆ," ಅಂದಳು.

ಎಲ್ಲರೂ ನಕ್ಕರು. ನಾನು ಮಣ್ಣು ಮುಚ್ಚಲು ಬಿಡದೆ ತುಂಡುಗಳನ್ನು ಹೆಕ್ಕತೊಡಗಿದೆ.

ಮರುದಿನ ತುಂಡುಗಳನ್ನು ಪ್ಲಾಸ್ಟಿಕ್ ತೊಟ್ಟೆಗೆ ತುಂಬಿಸಿ ಮಂಗಳೂರು ಬಸ್ಸು ಹತ್ತಿದೆ. ಮೇಡಂ ಒಂದು ಕೆಂಪು ಚೂರನ್ನು ನಲ್ಲಿ ನೀರಲ್ಲಿ ತೊಳೆದು ಬೆಳಕಿಗೆ ಹಿಡಿದರು. ಹೊಚ್ಚ ಹೊಸದು. ಚರ್ಮವಾದರೂ ಕರಗಿತ್ತಾ ಎಂದು ಕೇಳಿದರು. ಅದನ್ನೂ ತಂದಿದ್ದೆ. ಕ್ರೋಮಿನಲ್ಲಿ ಹದ ಮಾಡಿದ ಚರ್ಮ ಸೆಟೆದು ವಾಸನೆ ಹೊಡೆಯುತ್ತಿತ್ತು, ಆದರೆ ಇಡಿಯಾಗಿತ್ತು. ಪೂರ್ತಿ ಮಣ್ಣಾದದ್ದು ಒಂದೇ, ಲಲಿತಕ್ಕನ ಮಾವನ ಕಾಲದ, ಮರದ ತೊಗಟೆಯಲ್ಲಿ ಹದ ಮಾಡಿದ ಚಪ್ಪಲಿ. ಅದರ ಬಕಲು ಮಾತ್ರ ಸಿಕ್ಕಿತ್ತು.

"ಹಾಗಾದ್ರೆ ನಾನು ಎಂತ ಹೇಳಿ ಮಾರುದು ಮಾಸ್ಟ್ರೇ?"

"ಗೊತ್ತಿಲ್ಲ ಮೇಡಂ. ಆ ಮಾತು ನನ್ನ ಬಾಯಿಂದ ಬಂದದ್ದು. ಅದು ಟ್ಯಾಗಿನಲ್ಲಿ ಉಂಟಾದ್ರೆ ನಾನು ಕತ್ತರಿ ಹಿಡಿಯುದಿಲ್ಲ."

ಮರಳಿ ಬರುವಾಗ ಹೆಂಗಸರಿಗೆ ಎಂತ ಹೇಳುವುದೆಂದು ತಲಪಾಡಿ ದಾಟುವವರೆಗೂ ಹೊಳೆಯಲಿಲ್ಲ. ಇದ್ದದ್ದನ್ನೇ ಹೇಳಿದೆ. ಹನ್ನೆರಡು ದಿನ ಮೆಷಿನು ಓಡಲಿಲ್ಲ. ಜೈನಾಬಿ ಮತ್ತು ಇನ್ನೊಬ್ಬಳು ಬೀಡಿಗೆ ಮರಳಿದರು. ಹದಿಮೂರನೇ ದಿನ ಮೇಡಂ ಫೋನ್ ಮಾಡಿದರು. ಮುನ್ನೂರಲ್ಲ, ನೂರು. ಟ್ಯಾಗಿನಲ್ಲಿ ಮಣ್ಣಿನ ಸುದ್ದಿ ಇಲ್ಲ. ಹೆಗಲ ಪಟ್ಟಿಗೆ ಎರಡು ಹೊಲಿಗೆ ಹಾಕಬೇಕು, ಹರಿದರೆ ತಗೊಂಡವರು ಬಂದ್ಯೋಡಿಗೇ ಕಳಿಸುತ್ತಾರೆ, ರಿಪೇರಿ ನಮ್ಮದು. ನಾಲ್ವರಿಗೆ ಕೆಲಸ ಉಳಿಯಿತು. ಜೈನಾಬಿಯನ್ನು ಎರಡು ಸಲ ಕರೆದೆ, ಬರಲಿಲ್ಲ. ಆ ಲೆಕ್ಕದಲ್ಲಿ ನಾನು ಗೆದ್ದೆ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಈಗಲೂ ಜನ ಕೇಳುತ್ತಾರೆ, ಚರ್ಮ ಒಳ್ಳೆಯದಾ, ರೆಕ್ಸಿನ್ ಒಳ್ಳೆಯದಾ ಎಂದು. ನಾವು ಹೊಲಿದ ಎರಡೂ ಎಲ್ಲಿಗೂ ಹೋಗುವುದಿಲ್ಲ, ಮಣ್ಣಿನಲ್ಲೇ ಉಳಿಯುತ್ತವೆ ಎಂದು ಕಣ್ಣಾರೆ ನೋಡಿದವನು ನಾನು. ಅದಕ್ಕೇ ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಎಷ್ಟು ವರ್ಷ ಹೆಗಲಿಗೆ ಹಾಕ್ತೀರಿ? ಹೆಚ್ಚಿನವರು ತಮಾಷೆ ಎಂದುಕೊಂಡು ನಗುತ್ತಾರೆ. ನಾನು ಕತ್ತರಿ ಕೆಳಗಿಟ್ಟು, ಅವರು ಉತ್ತರ ಹೇಳುವವರೆಗೆ ಕಾಯುತ್ತೇನೆ.