ಅಳಿಸಿಹೋದ ಆಶಪ್ಪ

ಮಕ್ತಲ್‌ನ ದೇವಿಕಾಳ ಕೈ ಬಲು ಚುರುಕು. ತನ್ನ ಜೆರಾಕ್ಸ್ ಅಂಗಡಿಯಲ್ಲಿ ಮೌಸ್ ಮುಟ್ಟದೆ, ಕಪ್ಪು ಪರದೆಯ ಮೇಲೆ ಆಜ್ಞೆ ಕುಟ್ಟಿಯೇ ಕಂಪ್ಯೂಟರನ್ನು ಕುಣಿಸುವವಳು. ಆ ಚುರುಕೇ ಅವಳಿಗೆ ಮುಳುವಾಯಿತು.

ಅವಳ ತಾತ ಆಶಪ್ಪ, ಬೀರಪ್ಪ ದೇವರ ಹಾಡುಗಾರ. ಅವರ ಮನೆತನದ ಆ ಹಾಡು ಪೂರ್ತಿ ಬರುತ್ತಿದ್ದದ್ದು ಅವನೊಬ್ಬನಿಗೇ, ಅದೂ ಬಾಯಿಪಾಠ; ಓದು ಬರಹ ಅವನಿಗೆ ಬಾರದು. ಗಂಟಲಲ್ಲಿ ಹುಣ್ಣಾದಾಗ, ಆಪರೇಷನ್ನಿಗೆ ಮುಂಚೆ, ದೇವಿಕಾ ಹಾಡಿಸಿ ಕಂಪ್ಯೂಟರಿಗೆ ತುಂಬಿಕೊಂಡಳು. ಚೆನ್ನಾಗಿ ಬಂದದ್ದು ‘ಆಶಪ್ಪ’ ಎಂಬ ಫೋಲ್ಡರಿಗೆ. ಕೆಟ್ಟುಹೋದದ್ದಕ್ಕೆ ‘ಕಸ’ ಎಂದು ಹೆಸರಿಡುವಾಗ ಅಜ್ಜಿ ಕಿಷ್ಟಮ್ಮ ಗದರಿದಳು: “ದೇವ್ರ ಹಾಡಿಗೆ ಕಸ ಅಂತಾರೇನ, ಹುಚ್ಚಿ?” ಸರಿ, ‘ಆಶಪ್ಪ ಹಳೇದು’ ಎಂದಿಟ್ಟಳು.

ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಹೋಯಿತು.

ಮೊನ್ನೆ ಗಿರಾಕಿಯೊಬ್ಬ ಮದುವೆಯ ವಿಡಿಯೋ ತಂದ. ಜಾಗವಿರಲಿಲ್ಲ. ಹಳೇದನ್ನು ಅಳಿಸೋಣವೆಂದು ದೇವಿಕಾ rm -r ಆಶಪ್ಪ ಹಳೇದು ಎಂದು ಕುಟ್ಟಿದಳು. ಎರಡು ಪದದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಇಲ್ಲವೇ ನಡುವಿನ ಖಾಲಿ ಜಾಗಕ್ಕೆ ಮುಂಚೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಅವಳಿಗೆ ಗೊತ್ತಿರದ್ದೇನಲ್ಲ, ಅವಸರ. ಕಂಪ್ಯೂಟರು ಅದನ್ನು ಎರಡು ಬೇರೆ ಹೆಸರೆಂದು ತಿಳಿಯಿತು. ‘ಆಶಪ್ಪ’ನನ್ನು ಅಳಿಸಿ, ‘ಹಳೇದು’ ಎಂಬುದು ಇಲ್ಲ ಎಂದಿತು. ಹಳೇದು ಹೋಯಿತೆಂದೇ ತಿಳಿದ ಅವಳು ವಿಡಿಯೋ ತುಂಬಿಸಿದಳು.

ಹೋದದ್ದು ಒಳ್ಳೆಯ ಹಾಡೇ ಎಂದು ಗೊತ್ತಾದ ಮೇಲೆ ಡಿಸ್ಕನ್ನು ಎದೆಗವಚಿಕೊಂಡು ಗದ್ವಾಲ್ ಬಸ್ ಹತ್ತಿದಳು. ರಿಪೇರಿಯ ಉದಯಕುಮಾರ ಸಂಜೆಯವರೆಗೂ ಹುಡುಕಿದ.

“ಅಳಿಸಿದ ಮ್ಯಾಲ ಬ್ಯಾರೆ ಏನರ ತುಂಬೀಯೇನವ್ವ?”

“ಮದುವಿ ವಿಡಿಯೋ ಹಾಕೀನ್ರಿ ಅಣ್ಣಾ.”

“ಹಂಗಾರ ಹಾಡಿನ ಜಾಗದಾಗ ಅದು ಕುಂತೈತಿ. ಇನ್ನ ಬರಂಗಿಲ್ಲ.”

“ಕಾಲು ಬೀಳ್ತೀನ್ರಿ, ಇನ್ನೊಮ್ಮೆ ನೋಡ್ರಿ.”

ಪಾಪ, ಅವನು ಇನ್ನೊಮ್ಮೆಯೂ ನೋಡಿದ.

ಊರಿಗೆ ಬಂದರೆ ತಾತ ಹಣೆಗೆ ಅರಿಸಿನದ ಭಂಡಾರ ಹಚ್ಚಿಕೊಂಡು ಅಂಗಡಿಯಲ್ಲಿ ಕೂತಿದ್ದಾನೆ. “ಹಾಡು ಹಾಕವ್ವ, ಆಗಿಂದ ಕಾಯಾಕ ಹತ್ಯಾನ,” ಎಂದಳು ಕಿಷ್ಟಮ್ಮ. ದೇವಿಕಾ ಉಳಿದಿದ್ದ ‘ಹಳೇದ’ನ್ನೇ ಹಾಕಿದಳು. ಮೊದಲ ಸಾಲು, ಕೆಮ್ಮು. ಮತ್ತೆ ಮೊದಲ ಸಾಲು, ಲಾರಿಯ ಹಾರನ್. ಮತ್ತೆ ಮೊದಲ ಸಾಲು, ಮತ್ತೆ ಕೆಮ್ಮು. ಅಲ್ಲಿಗೆ ಮುಗಿಯಿತು.

ಆಶಪ್ಪನಿಗೆ ತಿಳಿಯಿತು. ಅವನು ಬಯ್ಯಲಿಲ್ಲ, ಬಯ್ಯಲು ದನಿಯಾದರೂ ಎಲ್ಲಿತ್ತು? ಮೊಮ್ಮಗಳ ಕಡೆ ಬೆರಳು ತೋರಿಸಿ, ನೀನೇ ಹಾಡು ಎಂಬಂತೆ ತೊಡೆಯ ಮೇಲೆ ಡೊಳ್ಳಿನ ಪೆಟ್ಟು ಹಾಕಿದ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಅವಳು ಯಾವತ್ತೂ ಕಲಿತಿರಲಿಲ್ಲ. ಅಳುತ್ತಲೇ ಮೊದಲ ಸಾಲು ಹಾಡಿದಳು. ತಾತ ತಲೆದೂಗಿ, ಎರಡನೆಯದಕ್ಕೆ ತುಟಿಯಾಡಿಸಿದ. ಅವಳು ಆ ತುಟಿಗಳನ್ನೇ ನೋಡಿದಳು. ಒಂದಕ್ಷರವೂ ತಿಳಿಯಲಿಲ್ಲ.